ನಿನ್ನ ಕುಬುಸದ ದಿನ ನಾನು ಬದಲಿಸಿದ ಸೀರೆ

ರತ್ನಾ, ನೀನು ಬಸುರಿ ಇದ್ದಾಗ ನಿನ್ನ ಕುಬುಸದ ದಿನ ನಿಮ್ಮವ್ವ ನಿನಗಂತ ತಂದ ಸೀರೆ ನಿನ್ನ ಉಡಿಗೆ ಬೀಳಲಿಲ್ಲ. ನಿನ್ನ ಅತ್ತೆ ನಾನು ಬದಲಿಸಿದೆ. ಅವಳು ತಂದದ್ದನ್ನು ನನ್ನ ಟ್ರಂಕಿಗೆ ಹಾಕಿಕೊಂಡೆ, ಟ್ರಂಕಿನಲ್ಲಿದ್ದ ಹಳೆಯ ಹಸಿರು ಸೀರೆಯನ್ನು ತೆಗೆದು ನಿನ್ನ ಉಡಿಗೆ ಹಾಕಿಸಿದೆ. ಅವತ್ತು ಅಷ್ಟು ಹೆಂಗಸರ ನಡುವೆ ನಿಮ್ಮವ್ವ ತಲೆ ತಗ್ಗಿಸಿ ನಿಂತಳಲ್ಲ — ತಗ್ಗಿಸಬೇಕಾದ ತಲೆ ನನ್ನದಿತ್ತು.

ಇಷ್ಟು ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು, ಕೈ ನಿಧಾನ, ನಿಜ. ಆದರೆ ಕೈ ನಿಧಾನ ಅಂತ ಮೂರು ದಿನ ಆಗಲಿಲ್ಲ. ಪೆನ್ನು ಹಿಡಿದರೆ ಸಾಕು, ಸುಸ್ತು. ಹೊಲದಲ್ಲಿ ದಿನವೆಲ್ಲ ಕಳೆ ತೆಗೆದಾಗಲೂ ಇಂಥ ಸುಸ್ತು ಆಗಿರಲಿಲ್ಲ. ಇಪ್ಪತ್ತಮೂರು ವರ್ಷ ಹೊತ್ತದ್ದನ್ನು ಇಳಿಸುವಾಗ ಬೆನ್ನು ಹೆಚ್ಚು ನೋಯುತ್ತದೆಯೇನೋ — ಗೊತ್ತಿಲ್ಲ. ನಾನು ಹಿಂದೆ ಯಾವತ್ತೂ ಏನನ್ನೂ ಇಳಿಸಿದವಳಲ್ಲ.

ಈಗ್ಯಾಕೆ ಅಂತ ಕೇಳ್ತೀ. ಕೇಳಬೇಕಾದ್ದೇ. ಈಗ್ಯಾಕೆ ಅಂದರೆ, ನನ್ನ ಜೀವಮಾನದಲ್ಲಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ, ಅದಕ್ಕೆ.

ನಮ್ಮ ಚೈತ್ರಾಗೆ ನೌಕರಿ ಸಿಕ್ಕ ದಿನದಿಂದ ನಾನು ನೆಲದ ಮೇಲೆ ಇಲ್ಲ. ನನ್ನ ಮೊಮ್ಮಗಳು, ನನ್ನ ಸೆರಗು ಹಿಡಿದು ಸಂತೆಗೆ ಬರುತ್ತಿದ್ದವಳು, ಬಿಳಿ ಬಟ್ಟೆ ಹಾಕಿಕೊಂಡು ಹರಪನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್! ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಹೂ ಮಾರುವವಳಿಗೆ ಹೇಳಿದೆ. ಹಿಟ್ಟಿನ ಗಿರಣಿಯವನಿಗೆ ಎರಡು ಸಲ ಹೇಳಿದೆ, ಎರಡನೇ ಸಲ ಅವನು "ಗೊತ್ತಾತು ಬಿಡಬೇ ಅಜ್ಜಿ, ಜೋಳ ಬೀಸಲೋ ಬ್ಯಾಡೋ?" ಅಂದ. ನಮ್ಮ ಮನೆತನದಲ್ಲಿ ಓದಿ ನೌಕರಿ ಹಿಡಿದ ಮೊದಲ ಹೆಣ್ಣು ಅವಳು. ನೀನು ಹೊತ್ತು ಹೆತ್ತವಳು, ನಿನಗೆ ಗೊತ್ತು. ಆದರೂ ಹೇಳದೆ ಇರಲಾರೆ, ಅಷ್ಟು ತುಂಬಿಕೊಂಡಿದೆ.

ಅವಳೇ ನನ್ನನ್ನು ಬರೆಯುವುದಕ್ಕೆ ಹಚ್ಚಿದ್ದು. ನೀನೂ ಇದ್ದೆ ಅವತ್ತು, ಒಲೆಯ ಮುಂದೆ.

"ಅಜ್ಜಿ, ನಮ್ಮ ಡ್ಯೂಟಿ ರೂಮಿನಾಗ ಎಲ್ರೂ ಇಪ್ಪತ್ತನೇ ತಾರೀಖಿಗೆ ಖಾಲಿ ಆಗಿ ಕುಂದರ್ತಾರ. ನೀ ಸಂಸಾರ ಹೆಂಗ ಉಳಿಸಿದಿ ಅಂತ ಬರದು ಕೊಡು. ನಾ ಅವರಿಗೆಲ್ಲ ಓದಿ ಹೇಳ್ತೀನಿ."

"ಪುಕ್ಕಟೆ ಹೇಳಂಗಿಲ್ಲಲೇ ಹುಡುಗಿ. ನನಗೇನು ಕೊಡ್ತಿ?"

"ಎರಡನೇ ಸಲ ಕುದಿಸಿದ ಚಾ ಕೊಡ್ತೀನಿ, ನೀ ನಮಗ ಕೊಟ್ಟಂಗ."

ನೀನು ನಕ್ಕೆ. ನಾನೂ ನಕ್ಕೆ. ಅವಳು ನರ್ಸಿಂಗ್ ಓದುವಾಗ ಅರ್ಧ ಬರೆದು ಬಿಟ್ಟ ಈ ನೋಟ್‌ಬುಕ್ಕನ್ನು ಕೊಟ್ಟಳು. ಹೊಸದು ತರುತ್ತೇನೆ ಅಂದಳು, ನಾನೇ ಬೇಡ ಅಂದೆ. ಇದರ ಮೊದಲ ಹಾಳೆಗಳನ್ನು ನೋಡಿದರೆ ನಿನಗೆ ಕಾಣುತ್ತದೆ — ಎಂಥಾ ಹುರುಪಿನಿಂದ ಶುರು ಮಾಡಿದ್ದೆ. ಬೇಳೆಯನ್ನು ಅರ್ಧ ತಾಸು ಮೊದಲೇ ನೆನೆಹಾಕಿದರೆ ಗ್ಯಾಸು ಎಷ್ಟು ಉಳಿಯುತ್ತದೆ. ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಹೆಂಗೆ ಅಂಟಿಸಬೇಕು. ಸಂತೆಗೆ ಹೊತ್ತು ಮುಳುಗುವ ಮುಂದೆ, ಅವರು ತಾಡಪಾಲು ಸುತ್ತುವ ಹೊತ್ತಿಗೆ ಹೋಗಬೇಕು, ಟೊಮೆಟೊ ಕೇಳಿದ್ದಕ್ಕೆ ಕೊಡುತ್ತಾರೆ. ಹುಣಸೆಹಣ್ಣು ಸುಗ್ಗಿಯಲ್ಲೇ ಕೂಡ್ಲಿಗಿ ಕಡೆಯಿಂದ ತಂದು ಬೀಜ ತೆಗೆದು ಉಪ್ಪು ಹಾಕಿ ಇಟ್ಟರೆ ವರ್ಷ ಬರುತ್ತದೆ. ರೊಟ್ಟಿ ಮುಗಿದ ಮೇಲೆ ಬಿಸಿ ಹಂಚನ್ನು ಸುಮ್ಮನೆ ಬಿಡಬಾರದು, ಶೇಂಗಾ ಹುರಿದುಕೊಳ್ಳಬೇಕು. ಹಳೆಯ ಸೀರೆ ಮೊದಲು ಹೊದೆಯುವ ಕೌದಿ, ಆಮೇಲೆ ಮಸಿಬಟ್ಟೆ, ಆಮೇಲೆ ನೆಲ ಒರೆಸುವ ಬಟ್ಟೆ...

ಅಷ್ಟಕ್ಕೇ ನಿಂತಿದೆ ನೋಡು. ಅಲ್ಲಿಂದ ಮುಂದೆ ಬರೆಯಬೇಕಾದ್ದು ನನ್ನ ಟ್ರಂಕಿನ ವಿಷಯ. ಬರೆಯಲಿಕ್ಕೆ ಆಗಲಿಲ್ಲ.

ಅದರ ಮರುದಿನ ಚೈತ್ರಾಗೆ ಮೊದಲ ಪಗಾರ ಆಯಿತು. ನನಗೆ ಫೇಡೆ ತಂದಳು, ಅಪ್ಪಗೆ ಅಂಗಿ, ನಿನಗೆ ಸೀರೆ. ನೀನು ಸೀರೆಯ ಮಡಿಕೆ ಬಿಚ್ಚಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕೈ ಆಡಿಸುತ್ತಾ ಕೂತೆ. ಆಮೇಲೆ ಅಂದೆ —

"ನಮ್ಮವ್ವ ಇರೋತನಕ ನನಗೊಂದು ನೆಟ್ಟನ ಸೀರಿ ಕೊಡಲಿಲ್ಲ, ಚೈತ್ರಾ. ಯಾರ್‍ದೋ ಉಡಿಯಾಗಿನ ಸೀರಿ ತಂದು ನಾಕು ಮಂದ್ಯಾಗ ನನ್ನ ಮರ್ಯಾದಿ ತಗದ್ಲು. ನೀ ದುಡ್ಡು ಉಳಿಸೋದು ಕಲಿತಿ ಅಂದ್ರ ನಿಮ್ಮಜ್ಜೀನ್ನ ನೋಡಿ ಕಲಿ. ನಮ್ಮವ್ವನಂಗ ಆಗಬ್ಯಾಡ."

ನನ್ನ ಬಾಯಲ್ಲಿ ಫೇಡೆ ಇತ್ತು, ರತ್ನಾ. ನುಂಗುವುದಕ್ಕೂ ಆಗಲಿಲ್ಲ, ಉಗುಳುವುದಕ್ಕೂ ಆಗಲಿಲ್ಲ. ನೀನು ನಿಮ್ಮವ್ವನ ಮಾತು ತೆಗೆದು ಎಷ್ಟೋ ವರ್ಷ ಆಗಿತ್ತು. ನೀನು ಮರೆತಿದ್ದೀಯ ಅಂದುಕೊಂಡಿದ್ದೆ — ಅಲ್ಲ, ಸುಳ್ಳು. ಮರೆತಿರಲಿ ಅಂತ ಬೇಡಿಕೊಂಡಿದ್ದೆ.

ಟ್ರಂಕಿನ ವಿಷಯ ಹೇಳ್ತೀನಿ ಈಗ. ನಿನಗೆ ಅರ್ಧ ಗೊತ್ತು, ಉಳಿದರ್ಧ ನಾನು ಯಾರಿಗೂ ತೋರಿಸಿಲ್ಲ.

ನಮ್ಮಲ್ಲಿ ಮದುವೆ, ತೊಟ್ಟಿಲು, ಕುಬುಸ, ಮನೆ ಪ್ರವೇಶ, ಏನೇ ಆಗಲಿ, ಹೋದವರ ಉಡಿಗೆ ರವಿಕೆಯ ಬಟ್ಟೆ ಬೀಳುತ್ತದೆ, ಹತ್ತಿರದವರಾದರೆ ಸೀರೆ ಬೀಳುತ್ತದೆ. ಅದನ್ನು ಎಲ್ಲರೂ ಹೊಲಿಸಿಕೊಂಡು ಉಡುವುದಿಲ್ಲ. ಎತ್ತಿಡುತ್ತಾರೆ, ಮುಂದಿನ ಕಾರ್ಯಕ್ಕೆ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಎಲ್ಲರ ಮನೆಯಲ್ಲೂ ಇದು ಇದ್ದದ್ದೇ. ಆದರೆ ನನ್ನಷ್ಟು ಅಚ್ಚುಕಟ್ಟಾಗಿ ಯಾರೂ ಮಾಡುತ್ತಿರಲಿಲ್ಲ. ಕೊಟ್ಟೂರಿನವರಿಂದ ಬಂದದ್ದಕ್ಕೆ ಕೆಂಪು ದಾರ ಕಟ್ಟುತ್ತಿದ್ದೆ, ಹಡಗಲಿ ಕಡೆಯವರದಕ್ಕೆ ಬಿಳಿ ದಾರ, ಕೊಟ್ಟವರಿಗೇ ತಿರುಗಿ ಹೋಗಬಾರದಲ್ಲ. ಉಡಿ ತುಂಬುವಾಗ ಬಟ್ಟೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಅದನ್ನು ತೆಗೆಯುವುದೇ ದೊಡ್ಡ ಕೆಲಸ. ಕುಂಕುಮಕ್ಕೆ ನೀರು ಮುಟ್ಟಿಸಬಾರದು, ಮುಟ್ಟಿಸಿದರೆ ಬಣ್ಣ ಹಿಡಿದುಬಿಡುತ್ತದೆ. ಒಣ ಬಟ್ಟೆಯಿಂದ ಕೊಡವಿ ಕೊಡವಿ ತೆಗೆಯಬೇಕು. ಅರಿಶಿನದ್ದು ಬಿಸಿಲಿಗೆ ಹರವಿದರೆ ತಾನೇ ಹೋಗುತ್ತದೆ. ಹಂಗೆ ಮಾಡಿ ಮಡಚಿಟ್ಟರೆ ಅಂಗಡಿಯಿಂದ ಈಗ ತಂದಂಗೆ. ನನ್ನ ಗಂಡ ತೀರಿಕೊಳ್ಳುವ ತನಕ ನಗುತ್ತಿದ್ದ, "ಈ ಟ್ರಂಕಿಗೆ ಹೋದ ಸೀರಿಗೆ ಸಾವಿಲ್ಲ" ಅಂತ.

ನಿನ್ನ ಕುಬುಸ ಇದ್ದದ್ದು ಏಳನೇ ತಿಂಗಳಲ್ಲಿ. ಅದಾಗಿ ಒಂಬತ್ತನೇ ದಿನಕ್ಕೆ ಕೂಡ್ಲಿಗಿಯಲ್ಲಿ ನನ್ನ ನಾದಿನಿಯ ಮಗಳು ಸುಮಾಳ ಮದುವೆ. ಸೋದರಮಾವನ ಮನೆಯ ಸೀರೆ ಅಂದರೆ ಎಲ್ಲರೂ ಬಿಚ್ಚಿ ನೋಡುತ್ತಾರೆ. ಟ್ರಂಕಿನಲ್ಲಿ ಅಂಥದ್ದು ಇರಲಿಲ್ಲ. ಕೊಳ್ಳಬೇಕಿತ್ತು. ಕೊಳ್ಳುವುದು ನನ್ನ ಜೀವಕ್ಕೆ ಒಗ್ಗುವ ಕೆಲಸವಲ್ಲ.

ನಿಮ್ಮವ್ವ ಗಂಗವ್ವ ಹಲವಾಗಲಿನಿಂದ ಮೊದಲ ಬಸ್ಸಿಗೇ ಹೊರಟು, ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ಎರಡು ಬುತ್ತಿ ಬುಟ್ಟಿ ಹೊತ್ತುಕೊಂಡು ಬಂದಳು. ನೀನು ಜಳಕಕ್ಕೆ ಕೂತಿದ್ದೆ. ನಾನು ಚಾ ಕೊಟ್ಟೆ.

"ಚಾ ಬ್ಯಾಡ್ರಿ ಬೀಗತಿ, ಬಿಟ್ಟೀನಿ."

"ಯಾಕ್ರಿ, ಪಿತ್ತ ಆಗೈತೇನು?"

ನಕ್ಕಳು. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳಲ್ಲ, ಹಂಗೆ. "ಪಿತ್ತ ಅಲ್ರಿ, ಸೀರಿ ಆಗೈತಿ."

ನಿನ್ನ ಮದುವೆಯಾದ ತಿಂಗಳಿಂದ ಅವಳು ಮನೆಯಲ್ಲಿ ಚಾ ಮಾಡುವುದನ್ನೇ ನಿಲ್ಲಿಸಿದ್ದಳಂತೆ. ಸಕ್ಕರೆ, ಪುಡಿ, ಹಾಲು — ಮೂರರದ್ದೂ ದುಡ್ಡು ಡಬ್ಬಿಗೆ. ಭತ್ತದ ನಾಟಿಗೆ ಹೋದಾಗ ಹೊಲದವರು ಕೊಟ್ಟರೂ ಕುಡಿಯುತ್ತಿರಲಿಲ್ಲವಂತೆ, ರುಚಿ ಹತ್ತಿದರೆ ಮನೆಗೆ ಬಂದು ಮತ್ತೆ ಒಲೆ ಹಚ್ಚಬೇಕಾಗುತ್ತದೆ ಅಂತ. "ರತ್ನಾಗ ಹೇಳಬ್ಯಾಡ್ರಿ, ಆಕಿ ಬೈತಾಳ" ಅಂದು, ಬುಟ್ಟಿಯ ತಳದಿಂದ ಪೇಪರ್ ಸುತ್ತಿದ ಸೀರೆ ತೆಗೆದು ನನ್ನ ಕೈಗೆ ಕೊಟ್ಟಳು. ನಮ್ಮ ಮನೆಯ ಪದ್ಧತಿ ಅದು: ತವರಿನವರು ತಂದದ್ದು ಮೊದಲು ಅತ್ತೆಯ ಕೈಗೆ, ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮೊರದಲ್ಲಿಟ್ಟು ದೇವರ ಮುಂದೆ ಇಡಬೇಕು. ಅವಳು ನನ್ನ ಕೈಯನ್ನು ನಂಬಿ ಕೊಟ್ಟಳು.

ಒಳಗೆ ಹೋಗಿ ಪೇಪರ್ ಬಿಚ್ಚಿದೆ. ನೋಡಿದೆ. ಅಷ್ಟು ಒಳ್ಳೆಯ ಸೀರೆ ನಮ್ಮ ಮನೆಗೆ ಆ ತನಕ ಬಂದಿರಲಿಲ್ಲ.

ಏನು ಯೋಚನೆ ಮಾಡಿದೆ ಅಂತ ನಿಜ ಹೇಳ್ತೀನಿ. ದೊಡ್ಡ ಪಾಪ ಮಾಡುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಕುಬುಸಕ್ಕೆ ಹಸಿರು ಸೀರೆ ಬೇಕು, ಹಸಿರು ಹಸಿರೇ. ಬಸುರಿಗೆ ರೇಷ್ಮೆ ಯಾಕೆ, ಉಟ್ಟರೆ ಸೆಕೆ. ಟ್ರಂಕಿನಲ್ಲಿ ಒಂದು ಹಸಿರು ಸೀರೆ ಸುಮ್ಮನೆ ಬಿದ್ದಿದೆ. ಇದನ್ನು ಸುಮಾಗೆ ಕೊಟ್ಟರೆ ಒಂದು ಸೀರೆಯ ಖರ್ಚು ಉಳಿಯಿತು... ಬೇಳೆ ನೆನೆಹಾಕಿದಷ್ಟೇ ಹಗುರಾಗಿ ಮಾಡಿದೆ, ರತ್ನಾ. ಅದೇ ನನಗೆ ಈಗ ಹೆದರಿಕೆ ಹುಟ್ಟಿಸುವುದು. ಹೊರಗೆ ನಿಮ್ಮವ್ವ ಬುಟ್ಟಿಯಿಂದ ಹೋಳಿಗೆ ತೆಗೆಯುತ್ತಾ ಯಾರ ಜೊತೆಗೋ ನಗುವುದು ಕೇಳುತ್ತಿತ್ತು. ನಾನು ಟ್ರಂಕು ಮುಚ್ಚಿದೆ.

ಅವಳು ಗುರುತು ಹಿಡಿಯುತ್ತಾಳೆ ಅಂತ ಯೋಚಿಸಲಿಲ್ಲವಾ? ಯೋಚಿಸಿದೆ. ಹಿಡಿದರೂ ಏನೂ ಅನ್ನುವುದಿಲ್ಲ ಅಂತಲೂ ಯೋಚಿಸಿದೆ. ಮಗಳನ್ನು ಕೊಟ್ಟವಳು ಏನಂದಾಳು? ಇದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಮತ್ತೆ ಅದೇ ಬದಲಿಸುವ ಕೆಲಸ ಆಗುತ್ತದೆ.

ಯೋಚಿಸದೆ ಇದ್ದದ್ದು ಒಂದೇ. ಮನೆ ತುಂಬ ಮಂದಿ, ಗಡಿಬಿಡಿ — ಹಳೆಯ ಸೀರೆಯ ಇನ್ನೊಂದು ತುದಿಯನ್ನು ನೋಡಲಿಲ್ಲ. ಅದನ್ನು ಬಿಸಿಲಿಗೆ ಹಾಕಿರಲಿಲ್ಲ, ಕೊಡವಿರಲಿಲ್ಲ. ನಾನು ಅವತ್ತು ಹೊಸದಾಗಿ ಒಂದು ಮೂಲೆಗೆ ಅರಿಶಿನ ಕುಂಕುಮ ಹಚ್ಚಿದೆ. ಇನ್ನೊಂದು ಮೂಲೆಯಲ್ಲಿ ಮೊದಲಿನದು ಹಂಗೇ ಇತ್ತು, ಮಾಸಿಕೊಂಡು.

ಆಮೇಲಿನದು ನಿನ್ನ ಕಣ್ಣ ಮುಂದೆಯೇ ಆಯಿತು. ನಿನ್ನನ್ನು ಕೂರಿಸಿ ಹೆಗಲ ಮೇಲೆ ಹೊದಿಸುವುದಕ್ಕೆ ಸೀರೆಯ ಮಡಿಕೆ ಬಿಚ್ಚಿದಾಗ, ನಮ್ಮ ಎರಡು ಮನೆ ಆಚೆಯ ಈರಮ್ಮ ಕಂಡಳು. ಅವಳ ಕಣ್ಣಿಗೆ ಬೀಳದ್ದು ಯಾವುದಿದೆ?

"ಅಯ್ಯ, ಇದಕ್ಕ ಎರಡೂ ಕಡೆ ಕುಂಕುಮ ಐತಲ್ಲೇ! ಇದು ಇವತ್ತಿಂದು. ಇದು ಯಾರ ಮದುವೀದು ಗಂಗವ್ವ?"

ಹೆಂಗಸರು ನಕ್ಕರು. ಯಾರೋ "ತವರಿನ ಸೀರಿ ತಿರಗಾಡಿಕೊಂಡು ಬಂದೈತಿ" ಅಂದರು. ನಿಮ್ಮವ್ವ ಬಳೆಯ ಡಬ್ಬಿ ಹಿಡಿದುಕೊಂಡು ನಿನ್ನ ಹಿಂದೆ ನಿಂತಿದ್ದಳು. ಸೀರೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ — ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷದಲ್ಲಿ ಹೆಂಗೋ ಅದಕ್ಕೊಂದು ಉತ್ತರ ಹುಡುಕಿಕೊಳ್ಳುತ್ತಿದ್ದೆ. ಏನೋ ಲೆಕ್ಕ ಹಾಕುವಂತೆ ನೋಡಿದಳು. ಈಗ ಬಾಯಿ ಬಿಟ್ಟರೆ ನಾಳೆಯಿಂದ ನನ್ನ ಮಗಳು ಈ ಮನೆಯಲ್ಲಿ ಹೆಂಗಿರಬೇಕು, ಅಂತ. ಒಂದು ಉಸಿರು ತೆಗೆದು ಬಿಡುವಷ್ಟು ಹೊತ್ತು, ಅಷ್ಟೇ.

"ನಮ್ಮ ಕೈಲಾದದ್ದು ಇಷ್ಟಽ ರೀ" ಅಂದಳು.

ನೀನು ತಿರುಗಿ ನೋಡದೆಯೇ ಅಂದೆ, "ಇದಕ್ಕಿಂತ ಬರೇ ಕೈಲೆ ಬಂದಿದ್ರ ಚೊಲೊ ಇತ್ತಬೇ."

ಆಗ ನಾನು ಏನು ಮಾಡಿದೆ ನೆನಪಿದೆಯಾ? ನಿನಗೆ ನೆನಪಿದ್ದೇ ಇದೆ, ಎಷ್ಟೋ ಸಲ ಮಂದಿಗೆ ಹೇಳಿದ್ದೀ. ನಾನು ಎದ್ದು ಬಂದು, "ಇರಲಿ ಬಿಡ್ರೇ, ಬಡವರ ಮನಿ ಸೀರಿ. ಅವರ ಮನಸ್ಸು ದೊಡ್ಡದೈತಿ, ಅದನ್ನ ನೋಡಬೇಕು" ಅಂದೆ. ಎಲ್ಲರೂ ನನ್ನನ್ನು ಹೊಗಳಿದರು. ಇಂಥ ಅತ್ತೆ ಸಿಗಬೇಕು ಅಂದರು. ಸೀರೆ ಬದಲಿಸಿದ್ದು ಒಂದು ತಪ್ಪಾದರೆ, ಇದು ಇನ್ನೊಂದು. ಇದಕ್ಕೆ ಏನು ಹೆಸರು ಇಡಬೇಕೋ ನನಗೆ ಗೊತ್ತಿಲ್ಲ. ಅವಳ ಸೀರೆ ತೆಗೆದುಕೊಂಡೆ. ಅವಳ ಮರ್ಯಾದೆ ಹೋಗುವುದನ್ನು ನೋಡುತ್ತಾ ನಿಂತೆ. ಆಮೇಲೆ ಅವಳ ಮೇಲೆ ಕರುಣೆ ತೋರಿಸಿದೆ!

ಪದ್ಧತಿ ಪ್ರಕಾರ ನೀನು ಅವತ್ತೇ ಅವಳ ಜೊತೆ ಚೊಚ್ಚಲ ಬಾಣಂತನಕ್ಕೆ ಹಲವಾಗಲಿಗೆ ಹೋಗಬೇಕಿತ್ತು. ನಿನ್ನ ಬಟ್ಟೆಯ ಚೀಲ ಕಟ್ಟಿ ಇಟ್ಟಿತ್ತು. ನೀನು ಹೋಗಲಿಲ್ಲ. "ನಾ ಇಲ್ಲೇ ಹಡೀತೀನಿ" ಅಂದುಬಿಟ್ಟೆ. ನನ್ನ ಮಗ ಕೊಟ್ರೇಶ ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಹೇಳಲಿಲ್ಲ. ಹೇಳಬೇಕಾದವಳು ನಾನೊಬ್ಬಳೇ ಇದ್ದೆ.

ಖಾಲಿ ಬುಟ್ಟಿ ತಿರುಗಿ ಕಳಿಸಬಾರದು ಅಂತ ಒಂದರಲ್ಲಿ ಜೋಳ, ಒಂದರಲ್ಲಿ ಬೆಲ್ಲ ಹಾಕಿ ಬಸ್ ಸ್ಟ್ಯಾಂಡ್ ತನಕ ನಾನೇ ಹೋದೆ. ಬಸ್ಸು ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಬೀಗತಿ, ನನ್ನ ಮಗಳನ್ನ ಚೊಲೊ ನೋಡ್ಕೊಳ್ರಿ. ನಾ ಯಾರ ಮುಂದೂ ಏನೂ ಅನ್ನಂಗಿಲ್ಲ" ಅಂದಳು.

ಅನ್ನಲೂ ಇಲ್ಲ. ಚೈತ್ರಾಳ ತೊಟ್ಟಿಲಿಗೆ ಬಂದಳು, ನೀನು ಕೂಸನ್ನು ಅವಳ ಕೈಗೆ ಕೊಡುವಾಗ ಮುಖ ಬೇರೆ ಕಡೆ ಮಾಡಿದ್ದೆ. ಅವಳು ಕೂಸಿನ ಪಾದ ಕಣ್ಣಿಗೆ ಒತ್ತಿಕೊಂಡು ತಿರುಗಿ ನನ್ನ ಕೈಗೆ ಕೊಟ್ಟಳು. ಆಗಲೂ ಹೇಳಬಹುದಿತ್ತು. ಆಮೇಲೆ ಎರಡು ಮೂರು ಹಬ್ಬಕ್ಕೆ ಬಂದಳು, ಆಮೇಲೆ ಬರುವುದು ಬಿಟ್ಟಳು. ಚೈತ್ರಾಗೆ ಐದು ತುಂಬುವ ಮೊದಲು ಅವಳು ತೀರಿಕೊಂಡ ಸುದ್ದಿ ಬಂತು. ನೀನು ಮಣ್ಣಿಗೆ ಹೋಗಿ ಬಂದೆ. ಬಂದವಳು ಜಳಕ ಮಾಡಿ ರೊಟ್ಟಿಗೆ ಹಿಟ್ಟು ಕಲಸಿದೆ. ನಾನು ನಿನ್ನ ಬೆನ್ನನ್ನೇ ನೋಡುತ್ತಾ ಬಾಗಿಲಲ್ಲಿ ನಿಂತಿದ್ದೆ — ಅವತ್ತಾದರೂ... ಇಲ್ಲ.

ಆಗ ಹೇಳಿದರೆ ನಿನಗೆ ದುಃಖ ಹೆಚ್ಚಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಮಂದಿ ಹಿಂಗೆ ಹೇಳಿಕೊಳ್ಳುತ್ತಾರೆ. ನಿಜ ಏನೆಂದರೆ, ನೀನು ನನ್ನನ್ನು ಒಳ್ಳೆಯವಳು ಅಂದುಕೊಂಡಿದ್ದೆ, ಅದು ನನಗೆ ಬೇಕಿತ್ತು. ತವರು ಮರೆತ ಸೊಸೆ ನನಗೆ ಇನ್ನೂ ಹತ್ತಿರ ಬಂದಳು. ನನಗೆ ಜ್ವರ ಬಂದರೆ ನೀನೇ, ಮೊಣಕಾಲಿಗೆ ಎಣ್ಣೆ ತಿಕ್ಕುವುದು ನೀನೇ. ಗಂಗವ್ವನಿಗೆ ಸಿಗಬೇಕಾದದ್ದೆಲ್ಲ ನನಗೆ ಬಂತು.

ಹೋದ ವಾರ ಮೊಣಕಾಲಿಗೆ ಔಷಧಿ ತರುತ್ತೇನೆ ಅಂತ ನಿನಗೆ ಸುಳ್ಳು ಹೇಳಿ ಕೂಡ್ಲಿಗಿಗೆ ಹೋಗಿ ಬಂದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿ ಕೂತೆ. ಸುಮಾಳ ಮನೆಗೆ ಹೋಗಿ, ನಾಚಿಕೆ ಬಿಟ್ಟು ಕೇಳಿದೆ: ನಿನ್ನ ಮದುವೆಗೆ ನಾವು ಕೊಟ್ಟ ಹಸಿರು ರೇಷ್ಮೆ ಸೀರೆ ಇದ್ದರೆ ತಿರುಗಿ ಕೊಡು, ಬದಲಿಗೆ ಹೊಸದು ಕೊಡಿಸುತ್ತೇನೆ.

ಸುಮಾಗೆ ಮೊದಲು ನೆನಪೇ ಆಗಲಿಲ್ಲ. ಆಮೇಲೆ ಕೈ ತಟ್ಟಿ ನಕ್ಕಳು. "ಅಯ್ಯೋ ಅತ್ತಿ, ಅದಾ! ಅದನ್ನ ನಾ ಉಡಲೇ ಇಲ್ಲ. ನಮ್ಮ ಮನ್ಯಾರ ಅಕ್ಕನ ಮಗಳ ಮದುವ್ಯಾಗ ಹಾಕಿಬಿಟ್ಟೆ. ಏನು ಹೆಸರು ಬಂತಂತೀರಿ! ನೀವಽ ಕಲಿಸಿದ್ದಲ್ಲೇನ್ರಿ, ಚೊಲೊ ಸೀರಿ ಉಟ್ರ ಒಂದು ದಿನ, ಕೊಟ್ರ ಒಂದು ಹೆಸರು ಅಂತ?"

"ಆಕಿ ಹತ್ರ ಐತೇನು?"

"ಆಕಿ ಇನ್ನ್ಯಾರಿಗೆ ಹಾಕ್ಯಾಳೋ ಏನೋ. ಅದನ್ನ ಹುಡುಕಾಕ ಹೊಂಟ್ರ ನೀವು ಪೂರಾ ಜಿಲ್ಲಾ ತಿರಗಬೇಕಾಕೈತಿ."

ಚಾ ಕೊಟ್ಟಳು. ಕುಡಿಯಲಿಕ್ಕಾಗಲಿಲ್ಲ. ನಿಮ್ಮವ್ವ ಒಂದು ವರ್ಷ ಬಾಯಿ ಕಟ್ಟಿ ದುಡ್ಡು ಕೂಡಿಸಿ ಕೊಂಡ ಸೀರೆ ಯಾರೊಬ್ಬರ ಮೈಮೇಲೂ ಬೀಳಲಿಲ್ಲ, ರತ್ನಾ. ಒಬ್ಬರ ಟ್ರಂಕಿನಿಂದ ಇನ್ನೊಬ್ಬರ ಟ್ರಂಕಿಗೆ ಹೋಗುತ್ತಾ ಎಲ್ಲಿ ಕೂತಿದೆಯೋ. ಕೊಳ್ಳುವುದು ಹೆಂಗೆ ತಪ್ಪಿಸಬೇಕು ಅಂತ ನಾನು ಊರಿಗೆಲ್ಲ ಕಲಿಸಿದೆ. ಕಲಿತಿದ್ದಾರೆ.

ಇವತ್ತು ಮುಂಜಾನೆ ನೀನು ಸಾಲಿಯ ಬಿಸಿಯೂಟದ ಅಡಿಗೆಗೆ ಹೋದ ಮೇಲೆ ನಾನು ಈರಮ್ಮನ ಕಟ್ಟೆಗೆ ಹೋದೆ. ಅವಳಿಗೀಗ ಹಲ್ಲಿಲ್ಲ, ಕಿವಿ ಮಂದ, ಆದರೆ ಆ ಎರಡು ಕುಂಕುಮದ ಕಥೆಯನ್ನು ಈಗಲೂ ಹೇಳುತ್ತಾಳೆ, ಯಾರದಾದರೂ ಕುಬುಸ ಇದ್ದರೆ. ಕಟ್ಟೆಯ ಮೇಲೆ ಇನ್ನೂ ನಾಲ್ಕು ಜನ ಇದ್ದರು. ಅವಳಿಗೆ ಕೇಳಬೇಕೆಂದರೆ ಕೂಗಿಯೇ ಹೇಳಬೇಕು. ಕೂಗಿಯೇ ಹೇಳಿದೆ. ಆ ಸೀರೆ ನನ್ನ ಟ್ರಂಕಿನದು, ಗಂಗವ್ವ ತಂದದ್ದನ್ನು ನಾನು ತೆಗೆದುಕೊಂಡೆ ಅಂತ.

ಈರಮ್ಮ ಹಲ್ಲಿಲ್ಲದ ಬಾಯಿ ಆಡಿಸುತ್ತಾ ನನ್ನ ಕಡೆ ತಿರುಗಿದಳು.

"ಹಂಗಾರ ನಾ ಇಷ್ಟು ವರ್ಷ ಆ ಸತ್ತಾಕಿನ್ನ ಆಡಿಕೊಂಡು ನಕ್ಕದ್ದು?"

"ನನ್ನ ನೋಡಿ ನಗಬೇಕಿತ್ತವ್ವ."

"ಥೂ ನಿನ್ನ" ಅಂದಳು. ಆಮೇಲೆ ದನಿ ಇಳಿಸಿ, ಅವಳಿಗೆ ಗೊತ್ತಿದ್ದಂತೆ ಬುದ್ಧಿ ಹೇಳಿದಳು: "ಸೊಸಿಗೆ ಮಾತ್ರ ಹೇಳಬ್ಯಾಡಬೇ. ಈ ವಯಸ್ಸಿನ್ಯಾಗ ನಿನಗ ರೊಟ್ಟಿ ಬಡದು ಹಾಕೋರು ಯಾರು?"

ಅವಳು ಹೇಳಿದ್ದು ಸುಳ್ಳಲ್ಲ. ನನಗೆ ಹೆದರಿಕೆ ಇದೆ. ಈ ಹಾಳೆ ನಿನ್ನ ಕೈಗೆ ಬಂದ ಮೇಲೆ ನೀನು ನನ್ನನ್ನು ಮೊದಲಿನಂತೆ "ಅತ್ತಿ, ಉಣ್ಣಬರ್‍ರಿ" ಅಂತ ಕರೆಯುತ್ತೀಯೋ ಇಲ್ಲವೋ. ಚೈತ್ರಾ ನನ್ನ ತೊಡೆಯ ಮೇಲೆ ತಲೆ ಇಡುತ್ತಾಳೋ ಇಲ್ಲವೋ. ಅವಳಿಗೆ ಹೇಳುವ ಕೆಲಸವನ್ನು ನಿನ್ನ ಮೇಲೆ ಹಾಕುವುದಿಲ್ಲ, ಭಾನುವಾರ ಬಂದಾಗ ನಾನೇ ಹೇಳುತ್ತೇನೆ. ಅವಳ ಡ್ಯೂಟಿ ರೂಮಿನವರಿಗೆ ಓದಿ ಹೇಳಬೇಕಾದ ಹಾಳೆಗಳನ್ನು ಅವಳು ಓದಿದರೂ ಸರಿ, ಹರಿದರೂ ಸರಿ.

ನಾನು ಸತ್ತ ಮೇಲೆ ಓದಲಿ ಅಂತ ಇದನ್ನು ಎತ್ತಿಡುವುದಿಲ್ಲ. ಎತ್ತಿಡುವುದು ಸಾಕಾಗಿದೆ. ಮೂರು ಗಂಟೆಗೆ ನೀನು ಬರುತ್ತೀ. ಕೈಕಾಲು ತೊಳೆದುಕೊಂಡು ಒಂದಿಷ್ಟು ಉಂಡ ಮೇಲೆ ಕೊಡುತ್ತೇನೆ, ಹಸಿದ ಹೊಟ್ಟೆಯಲ್ಲಿ ಬೇಡ. ನೀನು ಓದುವಾಗ ನಾನು ಎದುರಿಗೇ ಕೂತಿರುತ್ತೇನೆ. ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ಕ್ಷಮಿಸು ಅಂತ ಬರೆಯಲಾರೆ — ಕ್ಷಮಿಸಬೇಕಾದವಳು ನೀನೊಬ್ಬಳೇ ಅಲ್ಲ, ಇನ್ನೊಬ್ಬಳು ಈಗ ಇಲ್ಲ.

ಒಂದು ಮಾತು ಉಳಿದಿದೆ. ನೀನು ಆ ಸೀರೆಯನ್ನು ನೋಡಿಲ್ಲ. ಈ ಮನೆಯಲ್ಲಿ ಅವತ್ತು ನೋಡಿದವರು ನಿಮ್ಮವ್ವ, ನಾನು ಇಬ್ಬರೇ, ಈಗ ನಾನೊಬ್ಬಳೇ. ಅದಕ್ಕೆ ಹೇಳ್ತೀನಿ, ಕೇಳು. ಭತ್ತದ ಸಸಿ ನಾಟಿಗೆ ಕೀಳುವ ಮುಂಚೆ ಇರುತ್ತದಲ್ಲ, ಆ ಹಸಿರು. ಅಂಚು ನಾಲ್ಕು ಬೆರಳು ಅಗಲ, ಮೆಂತ್ಯದ ಬಣ್ಣ. ಸೆರಗಿನಲ್ಲಿ ಸಣ್ಣ ಸಣ್ಣ ಬುಟ್ಟಾ, ಒಂದೊಂದೂ ಹುರಿಗಡಲೆಯಷ್ಟು. ಮೈಗೆ ಹಿಡಿದರೆ ಭಾರ, ಕೈಗೆ ಮೆತ್ತಗೆ. ನನ್ನ ಕೈಗೆ ಕೊಡುವಾಗ ನಿಮ್ಮವ್ವ ಅಂದಳು — "ರತ್ನಾ ನಾಕು ವರ್ಷದಾಕಿ ಇದ್ದಾಗ ಹೊಳಿ ದಂಡ್ಯಾಗ ಯಾರೋ ಹೆಣಮಗಳು ಇಂಥಾ ಸೀರಿ ಹಿಂಡತಿದ್ಲು ರೀ. ನನಗೂ ಅದಽ ಬೇಕು ಅಂತ ಈಕಿ ಉಸುಕಿನ್ಯಾಗ ಬಿದ್ದು ಉಳ್ಳಾಡಿ ಅತ್ತಿದ್ಲು. ಆಕಿಗೆ ನೆನಪಿಲ್ಲ. ನಾ ಮರೆತಿಲ್ಲ ನೋಡ್ರಿ."